ಸಿಗ್ನಲ್ ಜನರೇಟರಿಗೆ ಹೊಸ ಪವರ್ ಸಪ್ಲೈ: ನಾಯ್ಸ್ ಇಳಿಸುವ ಮೊದಲು ಕಾವಿನ ಲೆಕ್ಕ

ಪರೀಕ್ಷೆಗೆ ಬೇಕಾದ ಅಲೆಗಳನ್ನು ಹುಟ್ಟಿಸಿಕೊಡುವ ಉಪಕರಣವೇ ಸಿಗ್ನಲ್ ಜನರೇಟರ್. ಕಡಿಮೆ ಬೆಲೆಗೆ ಸಿಗುವ ಎರಡು ಚಾನೆಲ್‌ಗಳ ಜನರೇಟರುಗಳಲ್ಲಿ ಅಲೆ ಹುಟ್ಟಿಸುವ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ತಯಾರಕರು ಕೈ ಬಿಗಿ ಹಿಡಿಯುವುದು ಪವರ್ ಸಪ್ಲೈಯಲ್ಲಿ. ಕಲಬುರಗಿಯಲ್ಲಿ ನಾನು ರಿಪೇರಿ ಕೆಲಸಕ್ಕೆ ಬಳಸುವ ಜನರೇಟರಿನದೂ ಇದೇ ಕಥೆ. ಔಟ್‌ಪುಟ್ 1 ವೋಲ್ಟ್ ಇದ್ದಾಗ ಯಾವ ದೋಷವೂ ಕಣ್ಣಿಗೆ ಬೀಳುತ್ತಿರಲಿಲ್ಲ. ಮೈಕ್ ಪ್ರೀಆಂಪ್ ಪರೀಕ್ಷಿಸಲೆಂದು ಅದನ್ನು 10 ಮಿಲಿವೋಲ್ಟಿಗೆ ಇಳಿಸಿದರೆ ಮಾತ್ರ, ಸೈನ್ ಅಲೆಯ ಉದ್ದಕ್ಕೂ ಸುಮಾರು 15 ಮೈಕ್ರೋಸೆಕೆಂಡಿಗೊಂದರಂತೆ ಚೂಪಾದ ಸ್ಪೈಕುಗಳು ಎದ್ದು, ಪರೀಕ್ಷೆಗೆ ಇಟ್ಟ ಪ್ರೀಆಂಪಿನ ನಾಯ್ಸ್ (ಸಿಗ್ನಲ್ಲಿಗೆ ಸೇರುವ ಬೇಡದ ಗಲಭೆ) ಯಾವುದು, ಜನರೇಟರಿನ ನಾಯ್ಸ್ ಯಾವುದು ಎಂದು ಬೇರ್ಪಡಿಸುವುದೇ ಕಷ್ಟವಾಗುತ್ತಿತ್ತು. 15 ಮೈಕ್ರೋಸೆಕೆಂಡ್ ಎಂದರೆ ಸುಮಾರು 66 ಕಿಲೋಹರ್ಟ್ಸ್. ಒಳಗಿರುವ ಎಸ್‌ಎಂಪಿಎಸ್ ಬೋರ್ಡ್ (ವೇಗವಾಗಿ ಆನ್-ಆಫ್ ಆಗುತ್ತ ವೋಲ್ಟೇಜ್ ಇಳಿಸುವ ಪವರ್ ಸಪ್ಲೈ) ಸ್ವಿಚ್ ಆಗುವ ವೇಗ ಅದೇ.

ಡಬ್ಬಿ ತೆರೆದಾಗ ಉಳಿದ ಸಂಗತಿಗಳೂ ಕಂಡವು. ಅಂಗೈ ಅಗಲದ ಒಂದು ಎಸ್‌ಎಂಪಿಎಸ್ ಬೋರ್ಡಿನಿಂದ ಪ್ಲಸ್ 12, ಮೈನಸ್ 12 ಮತ್ತು 5 ವೋಲ್ಟ್ ಹೊರಡುತ್ತಿದ್ದವು. ಔಟ್‌ಪುಟ್ ಕೆಪಾಸಿಟರುಗಳು ಬಿಸಿಯಾಗುವ ಡಯೋಡಿನ ಹೀಟ್‌ಸಿಂಕಿಗೆ ಒರಗಿಕೊಂಡಿದ್ದವು. ಹಿಂಬದಿಯಲ್ಲಿದ್ದ ಸಣ್ಣ ಫ್ಯಾನಿಗೂ ಅದೇ 12 ವೋಲ್ಟ್ ಲೈನಿನಿಂದ ಕರೆಂಟ್ ಕೊಡಲಾಗಿತ್ತು. ಮೇನ್ಸ್ ಸಾಕೆಟ್ ಎರಡೇ ಪಿನ್ನಿನದು, ಅರ್ಥಿಂಗ್ ಇಲ್ಲ. ಸಿಗ್ನಲ್ ಹೊರಬರುವ ಬಿಎನ್‌ಸಿ ಸಾಕೆಟಿನ ಹೊರಕವಚಕ್ಕೂ ಮನೆಯ ಅರ್ಥಿಂಗಿಗೂ ನಡುವೆ ಡಿಜಿಟಲ್ ಮಲ್ಟಿಮೀಟರ್ 95 ವೋಲ್ಟ್ ತೋರಿಸುತ್ತಿತ್ತು. ಎಸ್‌ಎಂಪಿಎಸ್ಸಿನ ಪ್ರೈಮರಿ (ಮೇನ್ಸ್ ಬದಿ) ಮತ್ತು ಸೆಕೆಂಡರಿ (ಔಟ್‌ಪುಟ್ ಬದಿ) ನಡುವೆ ಇರುವ ವೈ-ಕೆಪಾಸಿಟರಿನ ಮೂಲಕ ಇದು ಸೋರಿ ಬರುತ್ತದೆ. ಆ ಕೆಪಾಸಿಟರ್ 2.2 ನ್ಯಾನೋಫ್ಯಾರಡ್ ಇದ್ದು, ಪೂರ್ತಿ 230 ವೋಲ್ಟ್ ಅದರ ಮೇಲೆ ಬಿದ್ದರೂ 50 ಹರ್ಟ್ಸಿನಲ್ಲಿ ಹರಿಯುವುದು 0.16 ಮಿಲಿಆಂಪಿಯರ್ ಅಷ್ಟೆ. ಮನುಷ್ಯನಿಗೆ ಅದು ಜುಮ್ಮೆನ್ನುವಷ್ಟೇ ಆದರೂ, ಪ್ರೋಬಿನ ಗ್ರೌಂಡ್ ಕ್ಲಿಪ್ ಸಿಗಿಸುವ ಮೊದಲೇ ಸಿಗ್ನಲ್ ತುದಿ ತಾಗಿದರೆ ಸೂಕ್ಷ್ಮವಾದ ಐಸಿಯ ಇನ್‌ಪುಟ್ ಸುಡಲು ಸಾಕು.

ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುವ ಪರಿಹಾರ ಒಂದೇ: ಎಸ್‌ಎಂಪಿಎಸ್ ಕಿತ್ತುಹಾಕಿ, ಟ್ರಾನ್ಸ್‌ಫಾರ್ಮರ್ ಇಟ್ಟು ಲೀನಿಯರ್ ಸಪ್ಲೈ ಕಟ್ಟುವುದು. ಮಾತು ಸರಿಯೇ. ಆದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಲೀನಿಯರ್ ರೆಗ್ಯುಲೇಟರ್ ತನಗೆ ಬಂದ ಹೆಚ್ಚಿನ ವೋಲ್ಟೇಜನ್ನೆಲ್ಲ ಕಾವಾಗಿ ಸುಡುತ್ತದೆ, ಮತ್ತು ಮೇ ತಿಂಗಳಿನಲ್ಲಿ ಹೊರಗೆ 43 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಮಧ್ಯಾಹ್ನ ಕೋಣೆಯೊಳಗೇ 41 ಡಿಗ್ರಿ ಇರುವಾಗ, ಆ ಕಾವಿಗೆ ಹೋಗಲು ದಾರಿ ಕಿರಿದು. ತಂಪು ಊರಿನಲ್ಲಿ ಕುಳಿತವರು ಬರೆದ ಸರ್ಕ್ಯೂಟನ್ನು ಇಲ್ಲಿ ಹಾಗೆಯೇ ಕಟ್ಟಿದರೆ ರೆಗ್ಯುಲೇಟರ್ ಬೇಸಿಗೆಯಲ್ಲಿ ಥರ್ಮಲ್ ಶಟ್‌ಡೌನಿಗೆ ಹೋಗುತ್ತದೆ, ಅಂದರೆ ಕಾವು ಹೆಚ್ಚಾಗಿ ತಾನೇ ನಿಂತುಬಿಡುತ್ತದೆ. ನಾಯ್ಸ್ ಇಳಿಸುವ ಬಹುಪಾಲು ಉಪಾಯಗಳ ಬೆಲೆಯನ್ನು ಕಾವಿನ ರೂಪದಲ್ಲಿಯೇ ತೆರಬೇಕಾಗುವುದರಿಂದ, ಸರ್ಕ್ಯೂಟ್ ಬರೆಯುವ ಮೊದಲು ಕಾವಿನ ಲೆಕ್ಕ ಮುಗಿಸುವುದು ಒಳ್ಳೆಯದು. ಆ ಲೆಕ್ಕ ನಿಂತಿರುವುದು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಎಷ್ಟು ವೋಲ್ಟಿನದಾಗಿರಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ.

ಮೊದಲಿಗೆ ಮೂರೂ ಲೈನುಗಳ ಕರೆಂಟ್ ಅಳೆದೆ. ಎರಡೂ ಚಾನೆಲ್ ಪೂರ್ತಿ ಔಟ್‌ಪುಟ್ ಕೊಡುವಾಗ 5 ವೋಲ್ಟ್ ಲೈನಿನಲ್ಲಿ 0.9 ಆಂಪಿಯರ್, 12 ವೋಲ್ಟಿನ ಎರಡೂ ಲೈನುಗಳಲ್ಲಿ ತಲಾ 0.2 ಆಂಪಿಯರ್. ಮೇನ್ಸಿನ ಏರಿಳಿತವನ್ನೂ ಗಮನಿಸಿದೆ. ನಮ್ಮ ಓಣಿಯಲ್ಲಿ ಬೇಸಿಗೆಯ ಸಂಜೆ ಮನೆಮನೆಯ ಕೂಲರ್ ಓಡುವಾಗ ವೋಲ್ಟೇಜ್ 190ಕ್ಕೆ ಇಳಿಯುತ್ತದೆ. ನಸುಕಿನ ಹೊತ್ತಿಗೆ 250ರ ಹತ್ತಿರ ಬರುತ್ತದೆ. 190 ಇದ್ದಾಗಲೂ ರೆಗ್ಯುಲೇಟರಿಗೆ ಬೇಕಾದಷ್ಟು ವೋಲ್ಟೇಜ್ ಸಿಗಬೇಕು, 250 ಇದ್ದಾಗ ಸುಡುವ ಕಾವನ್ನು ಹೀಟ್‌ಸಿಂಕ್ ತಡೆಯಬೇಕು.

5 ವೋಲ್ಟ್ ಲೈನಿನ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಕಾವಿನ ದೊಡ್ಡ ಪಾಲು ಅಲ್ಲಿಯದೇ. ರೂಢಿಯಂತೆ 9-0-9 ವೋಲ್ಟಿನ (ನಡು ತಂತಿಯಿಂದ ಎರಡೂ ಬದಿಗೆ 9 ವೋಲ್ಟ್ ಕೊಡುವ) ಟ್ರಾನ್ಸ್‌ಫಾರ್ಮರಿಗೆ 5 ವೋಲ್ಟಿನ ರೆಗ್ಯುಲೇಟರ್ 7805 ಹಾಕಿದರೆ, ಮೇನ್ಸ್ 250 ಇದ್ದಾಗ ಫಿಲ್ಟರ್ ಕೆಪಾಸಿಟರಿನ ಮೇಲೆ ಸರಾಸರಿ 12.6 ವೋಲ್ಟ್ ನಿಲ್ಲುತ್ತದೆ. ಅದರಲ್ಲಿ 5 ಕಳೆದು 0.9ರಿಂದ ಗುಣಿಸಿದರೆ 6.8 ವಾಟ್ ಕಾವು. ಅದರ ಬದಲು ಸೆಕೆಂಡರಿಯನ್ನು 7-0-7ಕ್ಕೆ ಇಳಿಸಿ, ರೆಕ್ಟಿಫೈಯರಿಗೆ 1ಎನ್5822 ಶಾಟ್ಕಿ ಡಯೋಡುಗಳನ್ನು ಹಾಕಿ, ಔಟ್‌ಪುಟ್ಟಿಗಿಂತ ಇನ್‌ಪುಟ್ 1.5 ವೋಲ್ಟ್ ಮೇಲಿದ್ದರೆ ಸಾಕಾಗುವ ಎಲ್‌ಎಂ1085 ರೆಗ್ಯುಲೇಟರ್ ಬಳಸಿದರೆ ಚಿತ್ರವೇ ಬದಲಾಗುತ್ತದೆ. ಮೇನ್ಸ್ 190 ಇದ್ದಾಗ ಪೀಕ್ 8.2 ವೋಲ್ಟ್, ಡಯೋಡಿನ ಅರ್ಧ ವೋಲ್ಟ್ ಕಳೆದರೆ 7.7. ಸೆಕೆಂಡಿಗೆ 100 ಸಲ ತುಂಬುವ 9400 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ 0.9 ಆಂಪಿಯರ್ ಎಳೆದರೆ ರಿಪಲ್, ಅಂದರೆ ಎರಡು ತುಂಬುವಿಕೆಗಳ ನಡುವಿನ ವೋಲ್ಟೇಜ್ ಇಳಿತ, ಹೆಚ್ಚೆಂದರೆ 1 ವೋಲ್ಟ್. ಅಂದರೆ ತಳದಲ್ಲಿ 6.7 ವೋಲ್ಟ್ ಉಳಿಯುತ್ತದೆ, ಬೇಕಾದದ್ದು 6.5. ಇದೇ ಏರ್ಪಾಡಿನಲ್ಲಿ ಮೇನ್ಸ್ 250 ಇದ್ದಾಗ ಸುಡುವುದು 4.3 ವಾಟ್ ಮಾತ್ರ. ಸೆಕೆಂಡರಿಯಲ್ಲಿ ಎರಡು ವೋಲ್ಟ್ ಬಿಟ್ಟಿದ್ದರಿಂದ ಎರಡೂವರೆ ವಾಟ್ ಕಾವು ಹುಟ್ಟುವ ಮೊದಲೇ ಇಲ್ಲವಾಯಿತು.

ಟ್ರಾನ್ಸ್‌ಫಾರ್ಮರ್ ಮತ್ತು ರೆಗ್ಯುಲೇಟರಿನ ನಡುವೆ ಸ್ವಿಚ್ ಆಗುತ್ತ ವೋಲ್ಟೇಜ್ ಇಳಿಸುವ ಎಲ್‌ಎಂ2596 ಬಕ್ ಮಾಡ್ಯೂಲ್ ಸೇರಿಸಿ ಕಾವನ್ನು ಇನ್ನೂ ಇಳಿಸಬಹುದು ಎಂಬ ವಾದವಿದೆ. ಆದರೆ ಅದು 150 ಕಿಲೋಹರ್ಟ್ಸಿನಲ್ಲಿ ಸ್ವಿಚ್ ಆಗುತ್ತದೆ. ಲೀನಿಯರ್ ರೆಗ್ಯುಲೇಟರುಗಳು 100 ಹರ್ಟ್ಸ್ ರಿಪಲ್ಲನ್ನು ಸಾವಿರಪಟ್ಟು ಅದುಮುತ್ತವೆಯಾದರೂ, ಫ್ರೀಕ್ವೆನ್ಸಿ ಏರಿದಂತೆ ಅವುಗಳ ಈ ಶಕ್ತಿ ಕುಂದುತ್ತ ಹೋಗುತ್ತದೆ. ಯಾವುದನ್ನು ಹೊರಹಾಕಲು ಹೊರಟಿದ್ದೆವೋ ಅದನ್ನೇ ಹಿಂಬಾಗಿಲಿನಿಂದ ಕರೆದುಕೊಂಡಂತೆ ಆಗುತ್ತದೆ ಎಂದು ಆ ದಾರಿ ಬಿಟ್ಟೆ. 5 ವೋಲ್ಟಿಗೆ ಎರಡು ಮೂರು ಆಂಪಿಯರ್ ಬೇಡುವ ಉಪಕರಣವಾಗಿದ್ದರೆ ಬೇರೆ ಮಾತು; ಆಗ ಬಕ್ ಮಾಡ್ಯೂಲನ್ನು ಪ್ರತ್ಯೇಕ ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿ, ಕಾಯಿಲ್ ಮತ್ತು ಕೆಪಾಸಿಟರಿನ ಫಿಲ್ಟರ್ ಹಾಕುವುದು ಅನಿವಾರ್ಯ.

12 ವೋಲ್ಟಿನ ಲೈನುಗಳಿಗೆ ಅದೇ ಬಗೆಯ ಲೆಕ್ಕದಲ್ಲಿ 14-0-14 ಬಂತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ 15-0-15 ಹಾಕಿದ್ದರೂ ಹೆಚ್ಚುತ್ತಿದ್ದದ್ದು ಲೈನಿಗೆ 0.3 ವಾಟ್ ಅಷ್ಟೇ.

7-0-7 ಮಾತ್ರ ಸಿದ್ಧವಾಗಿ ಸಿಗುವ ವಸ್ತುವಲ್ಲ. ಸೂಪರ್ ಮಾರ್ಕೆಟ್ ಕಡೆಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಚೀಟಿ ಬರೆದುಕೊಂಡು ಹೋದೆ. ಚೀಟಿ ನೋಡಿದ ಹಿರಿಯರು, "ಏಳರದು ಯಾರೂ ಕೇಳಂಗಿಲ್ರಿ ಸರ, ಒಂಬತ್ತರದು ರೆಡಿ ಅದ, ಅದೇ ಒಯ್ರಿ" ಎಂದರು. "ಒಂಬತ್ತರದು ಹಾಕಿದ್ರ ಡಬ್ಬಿ ಕಾಯ್ತದ ಕಾಕಾ, ಏಳರದೇ ಸುತ್ತಿಕೊಡ್ರಿ" ಎಂದ ಮೇಲೆ ಒಪ್ಪಿಕೊಂಡರು. ಕೋರಿನ ನಡುಕಾಲು ಒಂದು ಚದರ ಇಂಚಿನದು. ಅದು 30 ವಿಎಗೆ ಸರಿಹೋಗುತ್ತದೆ. ವೋಲ್ಟಿಗೆ 7 ಸುತ್ತು ಬೇಕೆಂದು ನಾನು ಪಟ್ಟು ಹಿಡಿದೆ. 50 ಹರ್ಟ್ಸಿನಲ್ಲಿ ಈ ಕೋರಿಗೆ 7 ಸುತ್ತು ಎಂದರೆ ಕಬ್ಬಿಣದಲ್ಲಿ ಫ್ಲಕ್ಸ್ ಸುಮಾರು 1 ಟೆಸ್ಲಾ ಮಾತ್ರ ಇರುತ್ತದೆ. ತಾಮ್ರ ಉಳಿಸಲೆಂದು ಸುತ್ತು ಕಡಿಮೆ ಮಾಡಿದರೆ, ಮೇನ್ಸ್ 250ಕ್ಕೆ ಏರಿದಾಗ ಕೋರ್ ಸ್ಯಾಚುರೇಷನ್ನಿನ (ಇನ್ನಷ್ಟು ಫ್ಲಕ್ಸ್ ಹಿಡಿಯಲಾರದ ಸ್ಥಿತಿಯ) ಹತ್ತಿರ ಹೋಗಿ ಕಾಯುತ್ತದೆ, ಗುಂಯ್‌ಗುಡುತ್ತದೆ, ಸುತ್ತಲೂ 50 ಹರ್ಟ್ಸಿನ ಕಾಂತಕ್ಷೇತ್ರವನ್ನು ಚೆಲ್ಲುತ್ತದೆ. ಕಾವು ಮತ್ತು ನಾಯ್ಸ್ ಎರಡೂ ಒಟ್ಟಿಗೆ ಇಳಿಯುವ ಅಪರೂಪದ ಜಾಗ ಇದು. ಬೆಲೆ ಸ್ವಲ್ಪ ಹೆಚ್ಚು ತಾಮ್ರ, ಅಷ್ಟೆ. ಪ್ರೈಮರಿಗೆ 1610 ಸುತ್ತು. ಲೋಡ್ ಬಿದ್ದಾಗಿನ ಇಳಿಕೆಗೆಂದು ತುಸು ಸೇರಿಸಿ 7 ವೋಲ್ಟಿನ ಒಂದೊಂದು ಭಾಗಕ್ಕೆ 20 ಗೇಜಿನ ತಂತಿಯಲ್ಲಿ 53 ಸುತ್ತು, 14 ವೋಲ್ಟಿನದಕ್ಕೆ 105 ಸುತ್ತು.

ಪ್ರೈಮರಿ ಸುತ್ತಿ ಮುಗಿದ ಮೇಲೆ, ಸೆಕೆಂಡರಿ ಶುರುವಾಗುವ ಮೊದಲು, ನಾನು ಒಯ್ದಿದ್ದ ತೆಳ್ಳನೆಯ ತಾಮ್ರದ ಹಾಳೆಯನ್ನು ಒಂದು ಸುತ್ತು ಹಾಕಿಸಿದೆ. ಮೇನ್ಸಿನಲ್ಲಿ ಬರುವ ಹೈ ಫ್ರೀಕ್ವೆನ್ಸಿ ಗಲಭೆ ಪ್ರೈಮರಿ ಮತ್ತು ಸೆಕೆಂಡರಿಗಳ ನಡುವಿನ ಕೆಪಾಸಿಟೆನ್ಸಿನ ಮೂಲಕ ದಾಟಿ ಬರುತ್ತದೆ. ನಡುವೆ ಅರ್ಥ್ ಮಾಡಿದ ಹಾಳೆ ಇದ್ದರೆ ಅದು ಅಲ್ಲಿಂದಲೇ ನೆಲಕ್ಕೆ ಇಳಿದುಹೋಗುತ್ತದೆ. ಈ ಹಾಳೆಯ ಎರಡು ತುದಿಗಳು ಒಂದರ ಮೇಲೊಂದು ಬರಬೇಕು, ಆದರೆ ಒಂದಕ್ಕೊಂದು ತಾಗಕೂಡದು. ತಾಗಿದರೆ ಅದೇ ಶಾರ್ಟ್ ಆದ ಒಂದು ಸುತ್ತಾಗಿ, ಕರೆಂಟ್ ಕೊಟ್ಟ ತಕ್ಷಣ ಟ್ರಾನ್ಸ್‌ಫಾರ್ಮರ್ ಹೊಗೆಯಾಡುತ್ತದೆ. ಕಾಕಾ ಆ ಜಾಗಕ್ಕೆ ಎರಡು ಪದರ ಪಾಲಿಯೆಸ್ಟರ್ ಕಾಗದ ಮಡಚಿ ಇಟ್ಟರು. ಹಾಳೆಗೆ ಬೆಸುಗೆ ಹಾಕಿದ ಹಸಿರು ತಂತಿಯನ್ನು ಹೊರಗೆಳೆದು, ಬೆಸುಗೆಯ ಉಬ್ಬು ಮೇಲಿನ ಪದರವನ್ನು ಚುಚ್ಚದಂತೆ ಅದನ್ನು ಸುತ್ತಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿದರು. ನಾನು ಹೇಳದೆಯೇ ಮಾಡಿದ ಕೆಲಸ ಅದು.

ಎಸ್‌ಎಂಪಿಎಸ್ ತೆಗೆಯುವವರಿಗೆ ಒಂದು ಎಚ್ಚರಿಕೆ: ಅದರ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಉಳಿಯಬಹುದು. ಒಂದು ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಿಂದ ನೋಡಿಯೇ ಕೈ ಹಾಕಬೇಕು. ಆಸಿಲೋಸ್ಕೋಪಿನ (ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಗ್ರೌಂಡ್ ಕ್ಲಿಪ್ಪನ್ನು ಆ ಬೋರ್ಡಿನ ಪ್ರೈಮರಿ ಬದಿಗೆ ಎಂದಿಗೂ ಸಿಗಿಸಕೂಡದು.

ಹೊಸ ಬೋರ್ಡಿನಲ್ಲಿ ವಿಶೇಷ ಹೆಚ್ಚಿಲ್ಲ. ಪ್ಲಸ್ 12 ವೋಲ್ಟಿಗೆ ಎಲ್‌ಎಂ317, ಮೈನಸ್ 12ಕ್ಕೆ ಎಲ್‌ಎಂ337 ರೆಗ್ಯುಲೇಟರ್, 240 ಓಮ್ ಮತ್ತು 2.07 ಕಿಲೋಓಮ್ ರೆಸಿಸ್ಟರುಗಳೊಂದಿಗೆ. 12 ವೋಲ್ಟಿಗೇ ಸಿದ್ಧವಾಗಿರುವ 7812 ಬಿಟ್ಟು ಇವನ್ನು ಆಯ್ದದ್ದು ಅಡ್ಜಸ್ಟ್ ಪಿನ್ನಿನ ಸಲುವಾಗಿ: ಆ ಪಿನ್ನಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಎಲ್‌ಎಂ317ರ ರಿಪಲ್ ತಡೆಯುವ ಶಕ್ತಿ ಸುಮಾರು 65 ಡೆಸಿಬೆಲ್‌ನಿಂದ 80ಕ್ಕೆ ಏರುತ್ತದೆ, ಮತ್ತು ಅದರಿಂದ ಒಂದಿಷ್ಟೂ ಕಾವು ಹುಟ್ಟುವುದಿಲ್ಲ. ಆ ಕೆಪಾಸಿಟರ್ ರೆಗ್ಯುಲೇಟರಿನೊಳಗೆ ಹಿಮ್ಮುಖವಾಗಿ ಖಾಲಿಯಾಗದಂತೆ ಒಂದು ಡಯೋಡ್ ಬೇಕು. ಎಲ್‌ಎಂ337 ಔಟ್‌ಪುಟ್ ಕೆಪಾಸಿಟರ್ ಇಲ್ಲದೆ ಸ್ಥಿರವಾಗಿರುವುದಿಲ್ಲ, ಎಲ್‌ಎಂ1085 ಕೂಡ ಹಾಗೆಯೇ. ಎರಡಕ್ಕೂ 10 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಹಾಕಿದೆ. 1ಎನ್4007 ಡಯೋಡ್ ಕಂಡಕ್ಷನ್ನಿನಿಂದ ಹೊರಬರುವಾಗ ತಡವಾಗಿ, ಥಟ್ಟನೆ ನಿಲ್ಲುತ್ತದೆ. ಆಗ ಸೆಕೆಂಡರಿಯಲ್ಲಿ ಏಳುವ ಕಂಪನ 100 ಹರ್ಟ್ಸಿನ ಲಯದಲ್ಲಿ ಸಣ್ಣ ಗುಚ್ಛಗಳಾಗಿ ಔಟ್‌ಪುಟ್ಟಿನಲ್ಲಿ ಕಾಣಿಸುತ್ತದೆ. ಅದಕ್ಕೆ 12 ವೋಲ್ಟುಗಳಿಗೆ ಯುಎಫ್4004 ಡಯೋಡುಗಳನ್ನು, ಪ್ರತಿ ಸೆಕೆಂಡರಿಯ ಅಡ್ಡಕ್ಕೆ 0.1 ಮೈಕ್ರೋಫ್ಯಾರಡ್ ಮತ್ತು 10 ಓಮ್ ಸರಣಿಯನ್ನು ಬಳಸಿದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೆಲ್ಲ 105 ಡಿಗ್ರಿಯವು. ಕಾವು 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಅದಕ್ಕಾಗಿ ಅವುಗಳನ್ನು ಹೀಟ್‌ಸಿಂಕಿನಿಂದ ದೂರ, ಡಬ್ಬಿಯ ತಳಕ್ಕೆ ಹತ್ತಿರವಾಗಿ ಕೂರಿಸಿದೆ.

ಹೀಟ್‌ಸಿಂಕ್ ಹಳೆಯ ಆಂಪ್ಲಿಫೈಯರೊಂದರದು. ಅದರ ಶಕ್ತಿ ಎಷ್ಟೆಂದು ತಿಳಿಯಲು 15 ಓಮಿನ ವೈರ್‌ವೌಂಡ್ ರೆಸಿಸ್ಟರನ್ನು ಅದಕ್ಕೆ ಬಿಗಿದು 12 ವೋಲ್ಟ್ ಕೊಟ್ಟೆ. ಅಂದರೆ 9.6 ವಾಟ್. ಕಾವು ಒಂದು ಮಟ್ಟಕ್ಕೆ ಬಂದು ನಿಂತಾಗ ಕೋಣೆಗಿಂತ 24 ಡಿಗ್ರಿ ಹೆಚ್ಚಿತ್ತು. ಹಾಗಾಗಿ ವಾಟಿಗೆ 2.5 ಡಿಗ್ರಿ. ಮೇನ್ಸ್ 250 ಇದ್ದಾಗ ಮೂರೂ ರೆಗ್ಯುಲೇಟರುಗಳು ಸೇರಿ ಸುಡುವುದು 7.6 ವಾಟ್, ಆದ್ದರಿಂದ 41 ಡಿಗ್ರಿಯ ಕೋಣೆಯಲ್ಲಿ ಹೀಟ್‌ಸಿಂಕ್ 60ರ ಆಸುಪಾಸು ನಿಲ್ಲಬೇಕು. ಎಲ್‌ಎಂ1085ರ ಒಳಗಿನ ಚಿಪ್ ಅದಕ್ಕಿಂತ ಸುಮಾರು 17 ಡಿಗ್ರಿ ಹೆಚ್ಚು, ಅಂದರೆ 77. ಅದರ ಮಿತಿ 125 ಇರುವುದರಿಂದ ಚಿಂತೆಯಿಲ್ಲ. ಹೀಟ್‌ಸಿಂಕನ್ನು ಡಬ್ಬಿಯ ಒಳಗಿಡದೆ, ಹಿಂಬದಿಯ ಪ್ಲಾಸ್ಟಿಕ್ ತೆಗೆದು ಹಾಕಿದ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನ ಹೊರಗೆ, ರೆಕ್ಕೆಗಳು ನೆಟ್ಟಗೆ ಮೇಲ್ಮುಖವಾಗಿ ನಿಲ್ಲುವಂತೆ ಬಿಗಿದೆ. ರೆಕ್ಕೆಗಳು ಅಡ್ಡಲಾಗಿದ್ದರೆ ಬಿಸಿಗಾಳಿ ಅವುಗಳ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಫ್ಯಾನನ್ನು ತೆಗೆದುಬಿಟ್ಟೆ. ನಮ್ಮ ಕಪ್ಪುಮಣ್ಣಿನ ಧೂಳನ್ನು ಡಬ್ಬಿಯೊಳಗೆ ಎಳೆದು ತುಂಬುವುದರಲ್ಲಿ ಅದಕ್ಕಿದ್ದ ಉತ್ಸಾಹ ತಂಪು ಮಾಡುವುದರಲ್ಲಿ ಇರಲಿಲ್ಲ.

ಮೂರು ರೆಗ್ಯುಲೇಟರುಗಳು ಒಂದೇ ಹೀಟ್‌ಸಿಂಕಿಗೆ ಬರುವಾಗ ಇನ್ಸುಲೇಷನ್ನಿಗೆ ಹಾಕುವ ಅಭ್ರಕದ ಹಾಳೆ ಮತ್ತು ಸ್ಕ್ರೂವಿನ ಬುಶ್ ಮರೆಯುವಂತಿಲ್ಲ: ಎಲ್‌ಎಂ317 ಮತ್ತು ಎಲ್‌ಎಂ1085ರ ಬೆನ್ನಿನ ಲೋಹ ಔಟ್‌ಪುಟ್, ಎಲ್‌ಎಂ337ರದು ಇನ್‌ಪುಟ್. ಅನೋಡೈಸ್ ಆದ ಅಲ್ಯೂಮಿನಿಯಂ ಬಣ್ಣವನ್ನೇ ಇನ್ಸುಲೇಷನ್ ಎಂದು ನಂಬಕೂಡದು. ಬಿಗಿದ ಮೇಲೆ ಒಂದೊಂದನ್ನೂ ಮೀಟರಿನಿಂದ ಪರೀಕ್ಷಿಸಿ ಮುಂದೆ ಹೋಗಬೇಕು.

ಟ್ರಾನ್ಸ್‌ಫಾರ್ಮರನ್ನು ಕೂರಿಸಲು ತೂತು ಕೊರೆಯುವ ಮೊದಲು ಅದನ್ನು ಉದ್ದನೆಯ ತಂತಿಗಳಲ್ಲಿ ಜೋಡಿಸಿ, ಪ್ರೈಮರಿಯ ತುದಿಗಳಿಗೆಲ್ಲ ಸ್ಲೀವ್ ಹಾಕಿ, ಮರದ ಹಿಡಿಕೆಯಿಂದ ಹಿಡಿದು ಡಬ್ಬಿಯೊಳಗೆ ಮೆಲ್ಲಗೆ ತಿರುಗಿಸುತ್ತ ಆಸಿಲೋಸ್ಕೋಪಿನ ಪರದೆ ನೋಡಿದೆ. ಔಟ್‌ಪುಟ್ಟನ್ನು ಸೊನ್ನೆಗೆ ಇಟ್ಟಾಗ ಉಳಿಯುವ 50 ಹರ್ಟ್ಸಿನ ಗೆರೆ ಕೋನ ಬದಲಾದಂತೆ ಉಬ್ಬುತ್ತದೆ, ತಗ್ಗುತ್ತದೆ. ಅತಿ ಕಡಿಮೆಯಾದ ಕೋನಕ್ಕೆ ಪೆನ್ಸಿಲ್ ಗುರುತು ಹಾಕಿ ಅಲ್ಲಿಯೇ ತೂತು ಕೊರೆದೆ. ಆ ಕೋನದಲ್ಲಿ ಟ್ರಾನ್ಸ್‌ಫಾರ್ಮರ್ ಡಬ್ಬಿಯ ಗೋಡೆಗೆ ಸಮಾನಾಂತರವಾಗಿ ಇಲ್ಲ, ನೋಡಲು ಸೊಟ್ಟ. ಇರಲಿ.

ಅರ್ಥಿಂಗಿನ ಮಾತು ಬೇರೆಯೇ ಹೇಳಬೇಕು. ಮೂರು ಪಿನ್ನಿನ ಸಾಕೆಟ್, 250 ಮಿಲಿಆಂಪಿಯರಿನ ಸ್ಲೋ-ಬ್ಲೋ ಫ್ಯೂಸ್ ಹಾಕಿ, ಹಿಂಬದಿಯ ತಗಡು, ತಾಮ್ರದ ಹಾಳೆ ಮತ್ತು ಬಿಎನ್‌ಸಿ ಗ್ರೌಂಡ್ ಮೂರನ್ನೂ ಅರ್ಥ್ ಬೋಲ್ಟಿಗೆ ತಂದು ಸೇರಿಸಿದೆ. ಇದರಿಂದ 95 ವೋಲ್ಟಿನ ಸೋರಿಕೆ ಇಲ್ಲವಾಯಿತು. ಆದರೆ ಅರ್ಥ್ ಲೈನ್ ಸ್ವಚ್ಛವಾಗಿದ್ದರೆ ಮಾತ್ರ ಈ ಜೋಡಣೆಗೆ ಅರ್ಥ. ಬೇಸಿಗೆಯಲ್ಲಿ ಇಲ್ಲಿಯ ಎರೆಭೂಮಿ ಒಣಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಪೈಪಿಗೂ ಮಣ್ಣಿಗೂ ಸಂಪರ್ಕ ಸಡಿಲಾಗಿ, ಮನೆಯ ಫ್ರಿಜ್ ಮತ್ತು ಕಂಪ್ಯೂಟರುಗಳ ಸೋರಿಕೆ ಕರೆಂಟ್ ಹೋಗಲು ಜಾಗವಿಲ್ಲದೆ ಅರ್ಥ್ ತಂತಿಯನ್ನೇ ಮೇಲೆತ್ತುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನನ್ನ ಮೇಜಿನ ಬೋರ್ಡಿನಲ್ಲಿ 11 ವೋಲ್ಟ್ ಇತ್ತು. ಅರ್ಥಿಂಗ್ ಗುಂಡಿಗೆ ನೀರು ಬಿಟ್ಟ ಮೇಲೆ 3 ವೋಲ್ಟಿಗೆ ಇಳಿಯಿತು. ಆಸಿಲೋಸ್ಕೋಪ್ ಮತ್ತು ಜನರೇಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಗಿಸಿದರೆ ಅವುಗಳ ನಡುವಿನ ಗ್ರೌಂಡ್ ಲೂಪ್ ಚಿಕ್ಕದಾಗುತ್ತದೆ.

ಅಳತೆಯನ್ನು ಮೊದಲು ಮತ್ತು ಆಮೇಲೆ ಒಂದೇ ರೀತಿಯಲ್ಲಿ ಮಾಡಿದೆ: ಪ್ರೋಬ್ ಸಿಗ್ನಲ್ ಇಳಿಸದ 1x ಸ್ಥಾನದಲ್ಲಿ, ಬ್ಯಾಂಡ್‌ವಿಡ್ತ್ 20 ಮೆಗಾಹರ್ಟ್ಸಿಗೆ ಸೀಮಿತ, ಎಸಿ ಕಪ್ಲಿಂಗ್, ಮತ್ತು ಗ್ರೌಂಡಿಗೆ ಉದ್ದನೆಯ ಕ್ಲಿಪ್ ತಂತಿಯ ಬದಲು ಪ್ರೋಬಿನ ತುದಿಗೆ ಸುತ್ತಿದ ಗಿಡ್ಡ ಸ್ಪ್ರಿಂಗ್. ಉದ್ದ ತಂತಿಯಲ್ಲಿ ಅಳೆದರೆ ಆ ತಂತಿಯ ಲೂಪ್ ಹಿಡಿದ ಗಲಭೆಯೇ ಸಪ್ಲೈಯ ನಾಯ್ಸಿಗಿಂತ ಹೆಚ್ಚಾಗಿ ಕಾಣುತ್ತದೆ. ಪ್ಲಸ್ 12 ಲೈನಿನಲ್ಲಿ ಹಿಂದೆ ಪೀಕಿನಿಂದ ಪೀಕಿಗೆ 60 ಮಿಲಿವೋಲ್ಟ್ ಇದ್ದದ್ದು ಈಗ 2ಕ್ಕಿಂತ ಕಡಿಮೆ. ಅದರಲ್ಲಿಯೂ ಹೆಚ್ಚಿನ ಪಾಲು ಆಸಿಲೋಸ್ಕೋಪಿನದೇ. 5 ವೋಲ್ಟ್ ಲೈನಿನಲ್ಲಿ 4 ಮಿಲಿವೋಲ್ಟ್ ಉಳಿದಿದೆ. ಡಿಜಿಟಲ್ ಬೋರ್ಡಿನ ಕ್ಲಾಕ್ ಹುಟ್ಟಿಸುವ ನಾಯ್ಸ್ ಅದು, ಸಪ್ಲೈ ಬದಲಿಸಿದರೆ ಹೋಗುವಂಥದ್ದಲ್ಲ.

ಕಾವಿನ ಪರೀಕ್ಷೆಗೆ ಒಂದು ಸೂಕ್ಷ್ಮವಿದೆ. ನನ್ನ ಮೇಜಿಗೆ ಶಹಾಬಾದ್ ಫರಸಿ ಹಾಸಿದೆ. ಆ ಕಲ್ಲು ಡಬ್ಬಿಯ ತಳದಿಂದ ಕಾವನ್ನು ಎಳೆದುಕೊಂಡು ಅಳತೆಯನ್ನು ಇದ್ದುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಆದ್ದರಿಂದ ಡಬ್ಬಿಯ ಕೆಳಗೆ ಮರದ ತುಂಡುಗಳನ್ನು ಇಟ್ಟು, ಎರಡೂ ಚಾನೆಲ್‌ಗಳಿಗೆ 50 ಓಮ್ ಲೋಡ್ ಕೊಟ್ಟು, ಕೂಲರ್ ನಿಲ್ಲಿಸಿ ಮಧ್ಯಾಹ್ನದ ಹೊತ್ತಿನಲ್ಲಿ ಓಡಿಸಿದೆ. ಕೋಣೆ 41 ಡಿಗ್ರಿ, ಮೇನ್ಸ್ 228 ವೋಲ್ಟ್, ಹೀಟ್‌ಸಿಂಕ್ 58, ಟ್ರಾನ್ಸ್‌ಫಾರ್ಮರಿನ ಮೈ 61, ದೊಡ್ಡ ಕೆಪಾಸಿಟರಿನ ತಲೆ 49. ಸಂಜೆ ವೋಲ್ಟೇಜ್ ಇಳಿದಾಗ 5 ವೋಲ್ಟ್ ಲೈನಿನಲ್ಲಿ ರೆಗ್ಯುಲೇಟರಿಗೆ ವೋಲ್ಟೇಜ್ ಸಾಲದೆ ಬೀಳುವ 100 ಹರ್ಟ್ಸಿನ ತಗ್ಗುಗಳು ಕಾಣುತ್ತವೆಯೇ ಎಂದು ಕಾದು ನೋಡಿದೆ. 192 ವೋಲ್ಟಿನವರೆಗೂ ಕಾಣಲಿಲ್ಲ.

ಉಳಿದ ತೊಡಕು ಎರಡನೇ ಚಾನೆಲಿನದು. ಅದರ ಔಟ್‌ಪುಟ್ ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರಿಗೆ ಹತ್ತಿರವಿರುವುದರಿಂದ, ಕೋನ ಹೊಂದಿಸಿದ ಮೇಲೂ 0.3 ಮಿಲಿವೋಲ್ಟ್ ಹಮ್ (50 ಹರ್ಟ್ಸಿನ ಗುಂಯ್) ನಿಂತಿದೆ. ಟ್ರಾನ್ಸ್‌ಫಾರ್ಮರನ್ನು ಪ್ರತ್ಯೇಕ ಡಬ್ಬಿಗೆ ಸಾಗಿಸಿದರೆ ಅದು ಹೋಗುತ್ತದೆ, ಆದರೆ ಆಗ ಮೇಜಿನ ಮೇಲೆ ಇನ್ನೊಂದು ಡಬ್ಬಿ, ಇನ್ನೊಂದು ತಂತಿ. ಅದರ ಬದಲು ಔಟ್‌ಪುಟ್ ಕೇಬಲ್ಲಿನ ತುದಿಗೆ ಎರಡು ಬದಿಗೂ 51 ಓಮ್, ನಡುವೆ 2.5 ಕಿಲೋಓಮ್ ಇರುವ 40 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ಲನ್ನು ನೂರು ಪಟ್ಟು ಇಳಿಸುವ ರೆಸಿಸ್ಟರುಗಳ ಜೋಡಣೆ) ಸಿಗಿಸಿದ್ದೇನೆ. ಜನರೇಟರನ್ನು 1 ವೋಲ್ಟಿಗೆ ಇಟ್ಟರೆ ಆಚೆ 10 ಮಿಲಿವೋಲ್ಟ್ ಸಿಗುತ್ತದೆ. ಸಿಗ್ನಲ್ ಜೊತೆಗೆ ಹಮ್ ಕೂಡ ನೂರು ಪಟ್ಟು ಇಳಿದು 3 ಮೈಕ್ರೋವೋಲ್ಟ್ ಆಗುತ್ತದೆ. ಮೈಕ್ ಪ್ರೀಆಂಪಿನ ಕೆಲಸಕ್ಕೆ ಸದ್ಯ ಎರಡೂ ಚಾನೆಲ್‌ಗಳನ್ನು ಹೀಗೆಯೇ ಬಳಸುತ್ತಿದ್ದೇನೆ.